ಬಿಳಿ ಬೋರ್ಡಿನ ಕಾರು, ಬೀರನ ದೋಣಿ

ಆ ದಿನ ಬೆಳಿಗ್ಗೆ ತದಡಿಯಲ್ಲಿ ಮಳೆ ನಿಂತಿತ್ತು. ಒಂದು ವಾರ ಬಿಡದೆ ಸುರಿದ ಮೋಡ ಹರಿದು, ಅಘನಾಶಿನಿಯ ಅಳಿವೆಯ ಮೇಲೆ ತೆಳ್ಳಗೆ ಬಿಸಿಲು ಬಿದ್ದಿತ್ತು. ಗಾಳಿಯಲ್ಲಿ ಒದ್ದೆ ಬಲೆಯ ವಾಸನೆ. ಸುಬ್ಬಿ ತುಳಸಿಗೆ ನೀರೆರೆದು, ಧಾರೇಶ್ವರದ ಗುಡಿಯ ದಿಕ್ಕಿಗೆ ಕೈ ಮುಗಿದು, "ದೇವರೇ, ಇವತ್ತಿಂದಾದ್ರೂ ನನ್ನ ಮಗನ ಕೈ ಹಿಡಿ" ಎಂದಳು.

ಮಗ ದೇವರಾಜ ಅಂಗಳದಲ್ಲಿ ಬಿಳಿ ಕಾರೊಂದನ್ನು ಒರೆಸುತ್ತಿದ್ದ. ಹತ್ತು ವರ್ಷ ಬಂದರಿನ ಐಸ್ ಪ್ಲಾಂಟಿನ ಗಾಡಿ ಓಡಿಸಿದವನು ಅವನು. ಮೂರು ತಿಂಗಳ ಹಿಂದೆ ಪ್ಲಾಂಟಿಗೆ ಬೀಗ ಬಿತ್ತು. ಅಂದಿನಿಂದ ಮನೆಯ ಒಲೆ ಉರಿದದ್ದು ಸುಬ್ಬಿಯ ಮೀನು ಬುಟ್ಟಿಯಿಂದ. ಮೊಬೈಲ್ ಆ್ಯಪ್‌ನಲ್ಲಿ ಬಾಡಿಗೆ ಹಿಡಿದು ಕಾರು ಓಡಿಸಬಹುದಲ್ಲ ಎಂದವಳು ಸೊಸೆ ಸುಚಿತಾ. ಕಾರು ಅವಳ ಅಣ್ಣ, ಹೊನ್ನಾವರದ ಮೋಹನನದ್ದು. ಟ್ಯಾಕ್ಸಿಯ ಹಳದಿ ನಂಬರ್ ಬೋರ್ಡ್ ಇಲ್ಲದ ಕಾರು ಬೇಡ ಎಂದು ಆ್ಯಪ್‌ನವರು ತಿರುಗಿಸಿ ಕಳಿಸಿದ್ದರು. ಹಳದಿ ಬೋರ್ಡಿಗೊಂದು ದಾರಿ ಆಗುವವರೆಗೆ ಆ್ಯಪ್ ಇಲ್ಲದೆಯೇ ನಾಲ್ಕು ಬಾಡಿಗೆ ಹೊಡೆಯೋಣ ಎಂದುಕೊಂಡ ದೇವರಾಜ. ಪರಿಚಯದವರೊಬ್ಬರ ಮೂಲಕ ಮೊದಲ ಬಾಡಿಗೆಯೂ ಸಿಕ್ಕಿತ್ತು. ಕುಮಟೆ ಸ್ಟೇಷನ್ನಿನಲ್ಲಿ ಇಳಿಯುವ ನಾಲ್ವರನ್ನು ಯಾಣಕ್ಕೆ ಕರೆದೊಯ್ಯಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಅಂಕಿತಾ ಸ್ಕೂಟರ್ ನಿಲ್ಲಿಸಿದಳು. ಗ್ರಾಮ ಒನ್ ಕೇಂದ್ರದಲ್ಲಿ ಅವಳಿಗೆ ಕೆಲಸ. ಊರವರ ಅರ್ಜಿ, ಕಾಗದಗಳೆಲ್ಲ ಅವಳ ಕೈಯಿಂದಲೇ ಹೋಗುವುದು.

"ಎಂತ ದೇವಣ್ಣ, ಭಾವನ ಕಾರಿಗೆ ಹೂವಿನ ಮಾಲೆ? ಮದ್ವೆಗೆ ಹೊರಟ್ಯಾ?"

"ಬಾಡಿಗೆಗೆ ಮಾರಾಯ್ತಿ. ಯಾಣಕ್ಕೆ."

"ಈ ಬಿಳಿ ಬೋರ್ಡಲ್ಲಾ?"

ಸುಬ್ಬಿಗೆ ರೇಗಿತು. "ಹೊರಡೂ ಹೊತ್ತಿಗೆ ಬಾಯಿ ಹಾಕಬ್ಯಾಡ ಹುಡ್ಗೀ. ಬೋರ್ಡು ಬಿಳಿ ಆದ್ರೆಂತ, ಹಳದಿ ಆದ್ರೆಂತ? ಚಕ್ರ ನಾಲ್ಕೇ ಅಲ್ದಾ? ನಮ್ಮಲ್ಲಿ ದೋಣಿ ಒಬ್ಬರದ್ದು, ದುಡಿಯೋರು ಮತ್ತೊಬ್ಬರು. ದೋಣಿಯವನ ಪಾಲು ಅವಂಗೆ ಕೊಟ್ರೆ ಆತು. ಮೋಹನಂಗೂ ಹಾಗೇ ಕಾರಿನ ಪಾಲು ಕೊಡೂದು."

"ಪಾಲು ಸರಿ ಸುಬ್ಬತ್ತೆ. ಕಾಗದ?" ಅಂಕಿತಾ ಸ್ಕೂಟರಿನಿಂದ ಇಳಿದೇ ಬಿಟ್ಟಳು. "ಈ ಕಾರಿನ ವಿಮೆ ಮನೆಯವ್ರು ತಿರುಗಾಡೂಕೆ ಮಾತ್ರ. ಬಾಡಿಗೆ ತಕಂಡು ಜನ ಹತ್ತಿಸೂದು ಕಾನೂನಿಗೆ ತಪ್ಪು. ಹಿಡಿದ್ರೆ ದಂಡ. ಅದೂ ಹೋಗ್ಲಿ, ಯಾಣದ ತಿರುವಲ್ಲಿ ಎಂತಾದ್ರೂ ಆದ್ರೆ ವಿಮೆಯವ್ರು ಕೈ ಎತ್ತಿಬಿಡ್ತ್ರು. ಆ ನಾಲ್ಕು ಜನರ ಆಸ್ಪತ್ರೆ ಖರ್ಚು ಯಾರು ಕೊಡೂದು?"

"ಒಂದೇ ಸಲ ಅಲ್ದಾ?" ದೇವರಾಜನ ದನಿ ಸಣ್ಣದಾಯಿತು. "ಮೂರು ತಿಂಗಳಾತು, ಅವ್ವಿ ತಲೆ ಮೇಲಿನ ಬುಟ್ಟಿಯಿಂದ ಉಣ್ಣೂಕೆ ಶುರು ಮಾಡಿ. ಅನ್ನ ಗಂಟಲಲ್ಲಿ ಇಳೀತಿಲ್ಲ."

ಒಂದೇ ಸಲ. ಆ ಮಾತು ಕೇಳಿದ್ದೇ ಸುಬ್ಬಿ ಜಗಲಿಯ ಮೇಲೆ ಕೂತುಬಿಟ್ಟಳು.

ಇಪ್ಪತ್ತೈದು ವರ್ಷದ ಹಿಂದಿನ ಶಿವರಾತ್ರಿ. ಗೋಕರ್ಣಕ್ಕೆ ಹೊರಟವರು ಹೊಳೆಯ ಆಚೆ ದಡದಲ್ಲಿ ಕಾದು ನಿಂತಿದ್ದರು. "ಒಂದೇ ಸಲ ದಾಟಿಸಿ ಬನ್ನಿ, ಹಬ್ಬದ ಖರ್ಚಿಗಾತು" ಎಂದು ಗಂಡ ಬೀರನನ್ನು ಕಳಿಸಿದವಳು ಅವಳೇ. ಮೀನು ಹಿಡಿಯುವ ದೋಣಿ, ತುಂಬ ಜನ. ಅಲೆಗೆ ಮಗುಚಿತು. ದೇವರು ದೊಡ್ಡವನು, ಯಾರ ಜೀವವೂ ಹೋಗಲಿಲ್ಲ. ಆದರೆ ಒಬ್ಬಾಕೆಯ ಸೊಂಟ ಮುರಿಯಿತು. ದೋಣಿಯ ಕಾಗದದಲ್ಲಿ ಇದ್ದದ್ದು ಮೀನುಗಾರಿಕೆ ಎಂದಷ್ಟೇ. ಪರಿಹಾರ ಎಲ್ಲಿಂದಲೂ ಬರಲಿಲ್ಲ. ಆಕೆಯ ಚಿಕಿತ್ಸೆಗೆ ಬೀರ ದೋಣಿಯನ್ನೇ ಮಾರಿದ. ಸಾಯುವವರೆಗೂ ಬೇರೆಯವರ ದೋಣಿಯಲ್ಲಿ ದುಡಿದ. ಹೆಂಡತಿಯನ್ನು ಒಮ್ಮೆಯೂ ದೂರಲಿಲ್ಲ.

"ದೇವಾ," ಎಂದಳು ಸುಬ್ಬಿ. "ಅಪ್ಪನ ದೋಣಿ ಎಲ್ಲಿ ಹೋತು ಅಂತ ನೀ ಸಣ್ಣವ ಇದ್ದಾಗ ಕೇಳ್ತಿದ್ದೆ ಅಲ್ದಾ? ಒಂದೇ ಸಲಕ್ಕೆ ಹೋತು ಮಗಾ. ಕಳ್ಸಿದವಳು ನಾನೇ." ನಡೆದದ್ದನ್ನೆಲ್ಲ ಹೇಳಿ ಕೈ ಚಾಚಿದಳು. "ಆ ಕೀಲಿ ಕೊಡು ಇಲ್ಲಿ."

ದೇವರಾಜ ತಾಯಿಯ ಮುಖವನ್ನೇ ನೋಡಿದ. ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. ಸುಬ್ಬಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಯಾಣದವ್ರಿಗೆ ಈಗ ಎಂತ ಹೇಳೂದು?" ಎಂದಳು ಬಾಗಿಲಲ್ಲಿ ನಿಂತಿದ್ದ ಸುಚಿತಾ.

ಅಂಕಿತಾ ಆಗಲೇ ಫೋನ್ ಹಚ್ಚಿದ್ದಳು. ಕುಮಟೆಯ ದಿನಕರಣ್ಣನದು ಹಳದಿ ಬೋರ್ಡಿನ ಕಾರು, ಆ್ಯಪ್‌ಗೂ ಸೇರಿದ್ದು. ಯಾಣದ ಬಾಡಿಗೆ ಅವನಿಗೆ ಹೋಯಿತು. ಮಾತಿನ ನಡುವೆ ಅವನೇ ಹೇಳಿದ: ಮೊಣಕಾಲು ನೋವು, ಹೆಚ್ಚು ದಿನ ಓಡಿಸಲಾಗದು, ನಂಬಿಕೆಯ ಡ್ರೈವರ್ ಇದ್ದರೆ ಪಾಲಿನ ಮೇಲೆ ಕೊಡುತ್ತೇನೆ.

"ಅಲ್ಲಿ ಪಾಲು ನಡೀತದ್ಯಾ?" ಸುಬ್ಬಿ ಹುಬ್ಬೇರಿಸಿದಳು.

"ಹಳದಿ ಬೋರ್ಡಲ್ಲಿ ಬಾಳ ಚಂದ ನಡೀತದೆ ಸುಬ್ಬತ್ತೆ!"

ದೇವರಾಜ ತನ್ನ ಲೈಸೆನ್ಸ್ ಹಿಡಿದು ಹೊನ್ನಾವರದ ಆರ್‌ಟಿಓ ಕಚೇರಿಗೆ ಹೋಗಿ, ಟ್ಯಾಕ್ಸಿ ಓಡಿಸಲು ಏನೇನು ಬೇಕೆಂದು ಕೇಳಿ ಬಂದ. ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿದ. ದಿನಕರನ ಕಾರಿನ ಪರ್ಮಿಟ್, ಗಾಡಿ ಓಡಲು ಯೋಗ್ಯ ಎನ್ನುವ ಎಫ್‌ಸಿ, ಪ್ರಯಾಣಿಕರ ವಿಮೆ, ಮೂರರ ದಿನಾಂಕವನ್ನೂ ತಾನೇ ಓದಿ ನೋಡಿದ. ಐದು ವಾರ ಹಿಡಿಯಿತು. ಆ ಐದು ವಾರವೂ ಸುಬ್ಬಿ ಬುಟ್ಟಿ ಹೊತ್ತಳು. ಆದರೆ ಯಾಕೋ ಬುಟ್ಟಿ ಮೊದಲಿನಷ್ಟು ಭಾರ ಅನ್ನಿಸಲಿಲ್ಲ.

ಆ್ಯಪ್‌ನಲ್ಲಿ ಬಂದ ಮೊದಲ ಕರೆ ಕುಮಟೆ ಸ್ಟೇಷನ್ನಿನಿಂದ ಧಾರೇಶ್ವರಕ್ಕೆ. ಅಂದು ರಾತ್ರಿ ಮಗ ತಟ್ಟೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡ. ಸುಬ್ಬಿ ನೋಡಿಯೂ ನೋಡದ ಹಾಗೆ ಸಾರು ಬಡಿಸಿದಳು.

ಕೆಲಸ ಕಳೆದುಕೊಂಡು, ಸ್ಟಿಯರಿಂಗ್ ಹಿಡಿದು ಬದುಕು ಕಟ್ಟಲು ಹೊರಟ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ದಾರಿ ಒಳ್ಳೆಯದೇ. ಹೊರಡುವ ಮೊದಲು ಬೋರ್ಡಿನ ಬಣ್ಣ ನೋಡಿ, ಪರ್ಮಿಟ್ ನೋಡಿ, ವಿಮೆಯ ಕಾಗದವನ್ನು ಓದಿಸಿ ಕೇಳಿ. ತಿಳಿಯದಿದ್ದರೆ ಹತ್ತಿರದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಹಿಂದಿನ ಸೀಟಿನಲ್ಲಿ ಕೂತವರು ಯಾರದೋ ಮನೆಯ ಮಕ್ಕಳು, ಯಾರದೋ ತಾಯಿ. ನಾಲ್ಕು ದಿನ ತಡವಾದರೂ ಸರಿ, ಅವರನ್ನೂ ನಿಮ್ಮನ್ನೂ ಕಾಯುವ ಕಾಗದದೊಂದಿಗೇ ಹೊರಡಿ.

ಧಾರೇಶ್ವರದ ಬಾಡಿಗೆಯ ನಂತರದ ಭಾನುವಾರ, ತನ್ನ ಬಿಳಿ ಕಾರು ಒಯ್ಯಲು ಮೋಹನ ಹೊನ್ನಾವರದಿಂದ ಬಸ್ಸಿನಲ್ಲಿ ಬಂದ. ತೊಳೆದ ಕಾರು ಅಂಗಳದಲ್ಲಿ ಹೊಳೆಯುತ್ತಿತ್ತು. ಸುಬ್ಬಿ ಅವನಿಗೆ ಚಹಾ ಕೊಟ್ಟಳು. ಅವನು ಕುಡಿದು ಮುಗಿಸಿದ. ಆಮೇಲೆ ಸೆರಗಿನ ಗಂಟು ಬಿಚ್ಚಿ, ಕೀಲಿಯನ್ನು ಅವನ ಕೈಯಲ್ಲಿಟ್ಟಳು.