ಒಂದು ಲೀಟರ್ ನೀರು

ಟೈಲರಮ್ಮನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಅವಳ ಹೆಣದ ತಲೆಯ ಬಳಿ ಕೂತವಳು ಅವಳ ಅಣ್ಣನ ಮಗನ ಹೆಂಡತಿ. ಹುಡುಗಿ ಅಳುತ್ತಿರಲಿಲ್ಲ. ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಿದ್ದಳು.

“ಸಾವಿನ ಮನೇಲಿ ಇವಳೊಬ್ಬಳಿಗೇ ಬಾಯಾರಿಕೆ,” ಎಂದಳು ಹುಡುಗಿಯ ಗಂಡನ ದೊಡ್ಡಮ್ಮ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

“ಬಾಯಾರಿಕೆ ಅಲ್ಲ ದೊಡ್ಡಮ್ಮ. ಹನ್ನೆರಡು ಗಂಟೆಗೆ ಮೂತ್ರಚೀಲ ತುಂಬಿರಬೇಕಂತೆ. ಆಗಲೇ ಸ್ಕ್ಯಾನಿನಲ್ಲಿ ಗರ್ಭಕೋಶ ಸರಿಯಾಗಿ ಕಾಣೋದು.”

“ಇವತ್ತಾ? ಹೆಣ ಇನ್ನೂ ಎತ್ತಿಲ್ಲ ಕಣೇ!”

ಹನ್ನೊಂದೂ ಕಾಲಾಗಿತ್ತು. ಹತ್ತಕ್ಕೆ ಬರಬೇಕಾದ ಶವದ ವ್ಯಾನು ಬಂದಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಐದು ದಿನ ಬೆಳೆದ ಭ್ರೂಣವನ್ನು ಇಂದೇ ಒಳಗೆ ಬಿಡಬೇಕಿತ್ತು. ಫ್ರೀಜ್ ಮಾಡಿಡಬಹುದು, ಆದರೆ ಇದು ಅಷ್ಟು ಗಟ್ಟಿಯಿಲ್ಲ, ಉಳಿಯುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ಗಂಡ ಬಾಗಿಲಲ್ಲಿ ನಿಂತು ಒಮ್ಮೆ ರಸ್ತೆಯನ್ನು, ಒಮ್ಮೆ ಹೆಂಡತಿಯನ್ನು ನೋಡುತ್ತಿದ್ದ. ಅತ್ತೆಗೆ ಹೆಗಲು ಕೊಡಬೇಕಾದವನು ಅವನೇ.

“ನೀವಿಲ್ಲೇ ಇರಿ. ನಾನೊಬ್ಬಳೇ ಹೋಗ್ತೀನಿ,” ಎಂದಳು ಅವಳು.

*

ಬಸುರಿಯರ ಬಟ್ಟೆಯೊಳಗೆ ಎರಡು ಬೆರಳು ಹೆಚ್ಚಿಗೆ ಬಿಟ್ಟು ಹೊಲಿಯುವುದರಲ್ಲಿ ಟೈಲರಮ್ಮನದು ಎತ್ತಿದ ಕೈ. ತಿಂಗಳು ತಿಂಗಳಿಗೂ ಹೊಲಿಗೆ ಬಿಚ್ಚಿ ಸಡಿಲಿಸಿ ಕೊಡುತ್ತಿದ್ದಳು. ಎರಡು ವರ್ಷದ ಹಿಂದೆ ಅಣ್ಣನ ಮಗನನ್ನು ಅಂಗಡಿಗೆ ಕರೆಸಿ, ಮಶೀನು ನಿಲ್ಲಿಸದೆ ಕೇಳಿದಳು:

“ನಿನ್ನ ಹೆಂಡತಿಗೆ ಎಷ್ಟು ಟೆಸ್ಟ್ ಆಯ್ತೋ?”

“ಆರೇಳಾಯ್ತು ಅತ್ತೆ.”

“ನಿನಗೆ?”

“ನನಗೇನಾಗಿದೆ?”

ಮಶೀನು ನಿಂತಿತು. “ಹನ್ನೆರಡು ವರ್ಷ ನನ್ನ ಹೊಟ್ಟೆಯನ್ನೇ ಕೆದಕಿದ್ರು. ಕೊಯ್ದೂ ನೋಡಿದ್ರು. ಏನೂ ಸಿಗಲಿಲ್ಲ. ನಾಳೆ ಬೆಳಿಗ್ಗೆ ನೀನು ಹೋಗ್ತೀಯೋ, ನಾನು ಕತ್ತಿನ ಪಟ್ಟಿ ಹಿಡಿದು ಎಳಕೊಂಡು ಹೋಗಲೋ?”

ಹೋದ. ವಾರ ಬಿಟ್ಟು ರಿಪೋರ್ಟು ಹಿಡಿದು ಅದೇ ಸ್ಟೂಲಿನ ಮೇಲೆ ಕೂತು ಅತ್ತ.

“ವೀರ್ಯಾಣು ತುಂಬಾ ಕಡಿಮೆ ಇದೆಯಂತೆ ಅತ್ತೆ.”

“ಇದೆ ತಾನೆ?”

“ಇದೆ. ಸೂಜೀಲಿ ಒಂದೊಂದನ್ನೇ ಹಿಡಿದು ಅಂಡದೊಳಕ್ಕೆ ಬಿಡ್ತಾರಂತೆ.”

“ಒಂದಂಡಕ್ಕೆ ಎಷ್ಟು ಬೇಕಂತೆ?”

“ಒಂದು.”

“ಮತ್ತೆ ಯಾಕೋ ಊರು ಮುಳುಗಿದ ಹಾಗೆ ಅಳ್ತೀಯ? ಏಳು, ಗಿರಾಕಿ ಬರೋ ಹೊತ್ತು.”

*

“ಮುಂದಿನ ತಿಂಗಳು ಮಾಡಿಸಿದ್ರೆ ಲೋಕ ತಲೆಕೆಳಗಾಗುತ್ತಾ?” ದೊಡ್ಡಮ್ಮ ಬಿಡಲಿಲ್ಲ.

ಬೆಳಗಿನಿಂದ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಟೈಲರಮ್ಮನ ಗಂಡ ಎದ್ದ.

“ಇಬ್ಬರೂ ಹೋಗಿ.”

“ಮಾವ, ಹೆಗಲು...”

“ನಾನಿದ್ದೀನಿ. ಆಸ್ಪತ್ರೆ ಒಳಗೆ ನಿಮ್ಮತ್ತೆ ಒಬ್ಬಳೇ ಹೋಗ್ತಿದ್ದಳು. ನಾನು ಎದುರಿನ ಅಂಗಡೀಲಿ ಚಹಾ ಕುಡೀತಿದ್ದೆ. ಒಂದು ಸಲ ನನ್ನ ಪರೀಕ್ಷೆಗೂ ಚೀಟಿ ಬರೆದು ಕಳಿಸಿದ್ರು. ಹರಿದು ಬಿಸಾಕಿದೆ.” ಹೆಣದ ಮುಖ ನೋಡಿದ. “ಕೊರತೆ ನಂದೇ ಇತ್ತೇನೋ. ಗೊತ್ತಿಲ್ಲ. ಗೊತ್ತಾಗೋಕೆ ನಾನೇ ಬಿಡಲಿಲ್ಲ. ಊರೆಲ್ಲ ಇವಳನ್ನ ಬಂಜೆ ಅಂದಾಗ ಸುಮ್ಮನಿದ್ದೆ.”

ಹಾಗೆ ಅಂದವರಲ್ಲಿ ದೊಡ್ಡಮ್ಮನೂ ಇದ್ದಳು. ಅವಳು ನೆಲದ ಮೇಲಿದ್ದ ಬಾಟಲಿ ಎತ್ತಿ ಹುಡುಗಿಯ ಕೈಗಿಟ್ಟಳು.

“ಇನ್ನೂ ಅರ್ಧ ಇದೆ. ದಾರೀಲಿ ಕುಡಿ.”

*

ಕೋಣೆಯ ದೀಪ ಆರಿಸಿದ್ದರು. ನೀರು ತುಂಬಿ ಅವಳ ಹೊಟ್ಟೆ ಬಿರಿಯುವಂತಿತ್ತು.

“ಕೆಮ್ಮಬೇಡಿ, ಅಲುಗಾಡಬೇಡಿ,” ಎಂದರು ಡಾಕ್ಟರು.

“ನೀವು ಬೇಗ ಮುಗಿಸಿ ಡಾಕ್ಟರೇ. ಇಲ್ದಿದ್ರೆ ನಿಮ್ಮ ಮಂಚಕ್ಕೆ ನಾನು ಜವಾಬ್ದಾರಳಲ್ಲ.”

ನರ್ಸು ನಕ್ಕಳು. ಗಂಡ ನಗಲಿಲ್ಲ, ಸ್ಕ್ಯಾನಿನ ಪರದೆಯನ್ನೇ ನೋಡುತ್ತ ಹೆಂಡತಿಯ ಕೈ ಹಿಡಿದುಕೊಂಡಿದ್ದ. ಬೂದು ಬಣ್ಣದ ನಡುವೆ ತೆಳುವಾದ ಕೊಳವೆಯೊಂದು ಮುಂದೆ ಸರಿಯಿತು, ನಿಂತಿತು, ಹಿಂದೆ ಬಂತು. ಅದು ಬಿಟ್ಟುಬಂದ ಜಾಗದಲ್ಲಿ ಸಾಸಿವೆಯಷ್ಟು ಬೆಳಕು ಉಳಿಯಿತು.

ಒಂಬತ್ತು ಅಂಡಗಳನ್ನು ತೆಗೆದಿದ್ದರು. ಮೂರು ಫಲಿಸಲಿಲ್ಲ. ಐದು ಅರ್ಧದಲ್ಲೇ ಬೆಳೆಯುವುದನ್ನು ನಿಲ್ಲಿಸಿದವು. ಎಂಟು ಹೋಗಿ ಉಳಿದದ್ದು ಇದೊಂದೇ.