ಶೆಡ್ಡಿಗೂ ಅಡುಗೆಮನೆಗೂ ಇಂಟರ್‌ಕಾಮ್

ದೊಡ್ಡಬಳ್ಳಾಪುರದ ನರಸಿಂಹಯ್ಯನವರ ಮನೆಯಲ್ಲಿ ಅಡುಗೆಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದು ಹಿತ್ತಲು. ಆ ಹಿತ್ತಲನ್ನು ದಿನಕ್ಕೆ ಎಷ್ಟು ಸಲ ದಾಟುತ್ತಿದ್ದಳೋ ಸೊಸೆ ಅರುಣಾಳಿಗೇ ಲೆಕ್ಕ ತಪ್ಪಿಹೋಗಿತ್ತು. ಯಾಕೆಂದರೆ ಅವಳ ಅತ್ತೆ ಗಂಗಲಕ್ಷ್ಮಮ್ಮ ಯುಗಾದಿ ಕಳೆದಾಗಿನಿಂದ ಗಂಡನ ಜೊತೆ ಮಾತು ಬಿಟ್ಟಿದ್ದರು.

ಕಾರಣ ಒಂದು ಸೀರೆ. ಗಂಗಲಕ್ಷ್ಮಮ್ಮನ ಅಣ್ಣ ಕೊಂಡಪ್ಪ ದೇವನಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದಿದ್ದರು. ತಂಗಿಗೆ ಅರಿಶಿನ ಕುಂಕುಮದ ಜೊತೆ ಒಂದು ಹಸಿರು ಸೀರೆ ಕೊಟ್ಟು, ಬೆಂಗಳೂರಿನಿಂದ ತರಿಸಿದ ರೇಷ್ಮೆ ಅಂದರು. ಗಂಗಲಕ್ಷ್ಮಮ್ಮ ಆಗಲೇ ಒಳಗೆ ಹೋಗಿ ಅದನ್ನೇ ಉಟ್ಟುಕೊಂಡು ಬಂದರು. ನರಸಿಂಹಯ್ಯ ಅಷ್ಟೂ ಜನರ ಎದುರಿಗೆ ಹೆಂಡತಿಯ ಸೆರಗನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಶೆಡ್ಡಿನ ಮಾಲು" ಅಂದುಬಿಟ್ಟರು. ಅವರ ಶೆಡ್ಡಿನಲ್ಲಿ ನೇಯುತ್ತಿದ್ದದ್ದು ಬರೀ ಆರ್ಟ್ ಸಿಲ್ಕ್, ಅಂದರೆ ನಕಲಿ ರೇಷ್ಮೆ, ಎಂಬುದು ಅಲ್ಲಿದ್ದ ನೆಂಟರಿಗೆಲ್ಲ ಗೊತ್ತಿತ್ತು. ಎಲ್ಲರೂ ನಕ್ಕರು, ಕೊಂಡಪ್ಪನನ್ನೂ ಅವರ ತಂಗಿಯನ್ನೂ ಬಿಟ್ಟು. ವಾಪಸ್ ಬರುವಾಗ ಬಸ್ಸಿನಲ್ಲಿ ಗಂಗಲಕ್ಷ್ಮಮ್ಮ ಸೊಸೆಯ ಪಕ್ಕ ಕುಳಿತರು. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅಂದಿನಿಂದ ಸೊಸೆಯ ಮೂಲಕವೇ ಹೇಳತೊಡಗಿದರು.

ಮುದ್ದೆಯೋ ಅನ್ನವೋ ಕೇಳಿಕೊಂಡು ಬಾ ಎಂದು ಅತ್ತೆ ಕಳಿಸುತ್ತಿದ್ದರು. ನಾಲ್ಕು ಮಗ್ಗಗಳ ಸದ್ದಿನಲ್ಲಿ ಅರುಣಾ ಮಾವನ ಕಿವಿಯ ಹತ್ತಿರ ಕೂಗಿ ಕೇಳಬೇಕು. ಯಾವುದಾದರೂ ಆಗುತ್ತೆ ಅನ್ನುತ್ತಿದ್ದರು ಅವರು. ಅವಳು ಬಂದು ಅದನ್ನು ಒಪ್ಪಿಸಿದರೆ, ಯಾವುದಾದರೂ ಅನ್ನುವ ಅಡುಗೆ ನನಗೆ ಬರುವುದಿಲ್ಲ ಅಂತ ಹೇಳಿ ಬಾ ಎಂದು ಅತ್ತೆ ಮತ್ತೆ ಅಟ್ಟುತ್ತಿದ್ದರು. ಕೊನೆಗೊಂದು ಸಂಜೆ ಅರುಣಾ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕುಳಿತು, ಅತ್ತೆ ಮಾವ ರಾಜಿಯಾಗುವವರೆಗೆ ತಾನು ನೆಲಮಂಗಲದ ತವರಿನಲ್ಲಿರುವುದಾಗಿ ಗಂಡನಿಗೆ ಹೇಳಿದಳು.

ಅವಳ ಗಂಡ ಯೋಗಾನಂದ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಪ್ಪ ಅಮ್ಮನನ್ನು ರಾಜಿ ಮಾಡಿಸುವುದು ತನ್ನಿಂದಾಗದ ಕೆಲಸ ಎಂದು ಅವನಿಗೆ ಗೊತ್ತಿತ್ತು. ಅಂಗಡಿಯಲ್ಲಿ ಸಿಗುವಂಥ ಪರಿಹಾರವಾದರೆ ಅವನಿಗೆ ಧೈರ್ಯ. ರಜೆಯ ದಿನ ಬೆಂಗಳೂರಿಗೆ ಹೋಗಿ ವೈರ್‌ಲೆಸ್ ಇಂಟರ್‌ಕಾಮ್ ತಂದ. ಬಿಳಿ ಬಣ್ಣದ ಎರಡು ಪೆಟ್ಟಿಗೆಗಳು. ಒಂದನ್ನು ಅಡುಗೆಮನೆಯ ಪ್ಲಗ್ಗಿಗೆ, ಇನ್ನೊಂದನ್ನು ಶೆಡ್ಡಿನ ಪ್ಲಗ್ಗಿಗೆ ಹಾಕಿದರೆ ಸಾಕು, ಮನೆಯ ಕರೆಂಟು ಲೈನಿನಲ್ಲೇ ಮಾತು ಹೋಗುತ್ತದೆ, ಬೇರೆ ವೈರ್ ಎಳೆಯುವ ತಲೆನೋವಿಲ್ಲ ಎಂದು ಎಲ್ಲರಿಗೂ ವಿವರಿಸಿದ.

ಹಾಕಿ ನೋಡಿದರೆ ಮಾತು ಹೋಗಲಿಲ್ಲ. ಶೆಡ್ಡಿಗೆ ಬೇರೆ ಮೀಟರು, ಮನೆಗೆ ಬೇರೆ ಮೀಟರು. ಎರಡೂ ಪೆಟ್ಟಿಗೆ ಒಂದೇ ಲೈನಿನಲ್ಲಿರಬೇಕು ಎಂದು ಆಮೇಲೆ ಹೊಳೆದು, ಯೋಗಾನಂದ ಅಡುಗೆಮನೆಯಿಂದ ವೈರ್ ಎಳೆಯತೊಡಗಿದ. ಅದು ಬಾವಿಯ ರಾಟೆ ಕಂಬ ಹತ್ತಿ, ಸೀಬೆಗಿಡ ಬಳಸಿ, ಹೆಂಚಿನ ಕೆಳಗೆ ನುಸುಳಿ ಶೆಡ್ಡು ಸೇರಿತು. ನರಸಿಂಹಯ್ಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

"ವೈರ್ ಇಲ್ದಿರೋ ಮಿಷನ್ನು ಅಂತ ತಂದ," ಎಂದು ತಮ್ಮ ಮಗ್ಗದಾಳು ಆವಲಪ್ಪನಿಗೆ ಹೇಳಿದರು. "ಎಷ್ಟು ವೈರ್ ಎಳೀತವ್ನೆ ನೋಡು."

ಅಷ್ಟಾದ ಮೇಲೂ ಇನ್ನೊಂದು ತೊಡಕು ಉಳಿದಿತ್ತು. ಕರೆಂಟು ಇದ್ದಾಗ ಮಗ್ಗಗಳು ಓಡುತ್ತವೆ, ಆ ಗದ್ದಲದಲ್ಲಿ ಪೆಟ್ಟಿಗೆ ಏನು ಹೇಳಿದರೂ ಕೇಳುವುದಿಲ್ಲ. ಕರೆಂಟು ಹೋದರೆ ಮಗ್ಗಗಳು ನಿಂತು ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ, ಆದರೆ ಆಗ ಪೆಟ್ಟಿಗೆಯೂ ಸತ್ತಿರುತ್ತದೆ. ಇದನ್ನು ಮೊದಲು ಕಂಡುಹಿಡಿದವಳು ಅರುಣಾ. ಯೋಗಾನಂದ ಸೋಲೊಪ್ಪಲಿಲ್ಲ. ಕಾಫಿ ಹೊತ್ತಿಗೆ, ಊಟದ ಹೊತ್ತಿಗೆ ಮಗ್ಗ ನಿಲ್ಲಿಸುತ್ತಾರಲ್ಲ, ಆಗ ಉಪಯೋಗಕ್ಕೆ ಬರುತ್ತೆ ಅಂದ.

ಗಂಗಲಕ್ಷ್ಮಮ್ಮ ಮೊದಲು ಅದರ ಹತ್ತಿರವೇ ಸುಳಿಯಲಿಲ್ಲ. ಅದರಲ್ಲಿ ಮಾತಾಡಿದರೆ ಅವರ ಜೊತೆ ಮಾತಾಡಿದ ಹಾಗೇ ಆಯಿತಲ್ಲ ಎಂಬುದು ಅವರ ವಾದ. ನೀವು ಮಾತಾಡುವುದು ಪೆಟ್ಟಿಗೆಯ ಹತ್ತಿರ, ಮಾವನ ಹತ್ತಿರ ಅಲ್ಲ ಎಂದು ಅರುಣಾ ತಿಳಿಹೇಳಿದಳು. ಅತ್ತೆ ಒಂದು ದಿನವೆಲ್ಲ ಯೋಚಿಸಿ, ಮರುದಿನ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ನಿಂತು ಗುಂಡಿ ಒತ್ತಿದರು.

"ಪೆಟ್ಟಿಗೆ, ಅವರಿಗೆ ಹೇಳು. ಕಾಫಿ ಆಗಿದೆ."

ಶೆಡ್ಡಿನಿಂದ ಉತ್ತರ ಬಂತು. "ಪೆಟ್ಟಿಗೆ, ಬರ್ತೀನಿ ಅಂತ ಹೇಳು."

ಮಗ್ಗದ ಸದ್ದಿನಲ್ಲೇ ಬಾಳಿದ ನರಸಿಂಹಯ್ಯನವರ ಗಂಟಲು ಎಷ್ಟು ದೊಡ್ಡದೆಂದರೆ, ಆ ಮಾತು ಮೊದಲು ಹಿತ್ತಲು ದಾಟಿ ಕಿಟಕಿಯಿಂದ ಬಂತು, ಆಮೇಲೆ ಪೆಟ್ಟಿಗೆಯಿಂದ ಬಂತು. ಮೆಲ್ಲಗೆ, ಬಾಯಿ ಹತ್ತಿರ ಇಟ್ಟುಕೊಂಡು ಮಾತಾಡಬೇಕು ಎಂದು ಯೋಗಾನಂದ ಅಪ್ಪನಿಗೆ ಕಲಿಸಿಕೊಟ್ಟ. ಕೆಲವೇ ದಿನಗಳಲ್ಲಿ ಇಬ್ಬರಿಗೂ ಅದು ರೂಢಿಯಾಯಿತು. ಅರುಣಾಳ ಕಾಲುನೋವು ಇಳಿಯಿತು. ಜಗಳವೂ ಪೆಟ್ಟಿಗೆಯಲ್ಲೇ ನಡೆಯುವುದರಿಂದ ಬೈಗುಳ ಹೊತ್ತೊಯ್ಯುವ ಕೆಲಸವೂ ತಪ್ಪಿತು.

ಅಮಾವಾಸ್ಯೆ ಬಂತು. ಅವತ್ತು ಮಗ್ಗಗಳಿಗೆ ರಜೆ. ನರಸಿಂಹಯ್ಯನೂ ಆವಲಪ್ಪನೂ ಮಗ್ಗಗಳನ್ನು ಒರೆಸಿ ಎಣ್ಣೆ ಬಿಡುತ್ತಿದ್ದರು. ಮಗ್ಗದ ಸದ್ದಿಲ್ಲ, ಕರೆಂಟು ಇದೆ, ಪೆಟ್ಟಿಗೆಗೆ ಬೆಳಗಿನಿಂದ ಬಿಡುವಿಲ್ಲ. ದೋಸೆಗೆ ಉಪ್ಪು ಹೆಚ್ಚಾಯಿತು ಎಂಬಲ್ಲಿ ಶುರುವಾದದ್ದು ತವರಿನವರ ಕೈಗುಣಕ್ಕೆ ಹೋಗಿ, ಅಲ್ಲಿಂದ ಗೃಹಪ್ರವೇಶಕ್ಕೆ ಬಂತು.

"ಪೆಟ್ಟಿಗೆ, ಕೇಳು ಅವರನ್ನ," ಅಂದರು ಗಂಗಲಕ್ಷ್ಮಮ್ಮ. "ಅಷ್ಟು ಜನದ ಮುಂದೆ ನಮ್ಮಣ್ಣನ ಮರ್ಯಾದೆ ತೆಗೆದು ಏನು ಸಿಕ್ತಂತೆ?"

ಉತ್ತರವಿಲ್ಲ. ಕಾದರು. ಹೇಳುವುದಕ್ಕೆ ಏನೂ ಇಲ್ಲ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದುಕೊಂಡು ಮೊದಲು ಸಮಾಧಾನವಾಯಿತು. ಇನ್ನೂ ಸ್ವಲ್ಪ ಹೊತ್ತಾದಾಗ, ನನಗೆ ಉತ್ತರ ಕೊಡುವುದೂ ಬೇಡವಾಯಿತಾ ಎಂದು ಸಿಟ್ಟು ಬಂತು. ಫ್ರಿಜ್ಜಿನ ಸದ್ದು ನಿಂತಿರುವುದನ್ನು ಗಮನಿಸಿದ್ದು ಆಗಲೇ. ಕರೆಂಟು ಹೋಗಿತ್ತು. ಆದರೆ ಎದ್ದ ಸಿಟ್ಟು ಕರೆಂಟು ಬರುವವರೆಗೆ ಕಾಯುವಂತಿರಲಿಲ್ಲ. ಸೌಟು ಕೈಯಲ್ಲಿದ್ದ ಹಾಗೇ ಹಿತ್ತಲು ದಾಟಿದರು.

ಶೆಡ್ಡಿನಲ್ಲಿ ನರಸಿಂಹಯ್ಯ ಬಾಗಿಲಿಗೆ ಬೆನ್ನು ಮಾಡಿ, ಗುಂಡಿ ಒತ್ತಿ ಹಿಡಿದು, ಪೆಟ್ಟಿಗೆಗೆ ಬಾಯಿ ತಾಗುವಷ್ಟು ಬಗ್ಗಿ ಮೆಲ್ಲಗೆ ಮಾತಾಡುತ್ತಿದ್ದರು. ಮಗ್ಗ ಓಡದ ದಿನ ಕರೆಂಟು ಹೋದದ್ದು ಅವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

"...ಇಷ್ಟು ವರ್ಷ ನೇಯ್ದು ಕಳಿಸಿದ್ದೀನಿ. ಯಾವ ಸೀರೆ ಯಾರ ಮೈಮೇಲೆ ಹೋಯ್ತು ಅಂತ ಒಂದು ಸಲನಾದ್ರೂ ಕಣ್ಣಾರೆ ನೋಡಿದ್ನಾ. ಅವತ್ತು ನಮ್ಮ ಸೀರೆ ಅವಳೇ ಉಟ್ಕೊಂಡು ನಿಂತಿದ್ಲು. ಖುಷಿಗೆ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

ಆವಲಪ್ಪ ಬಾಗಿಲಲ್ಲಿ ನಿಂತವರನ್ನು ಕಂಡು, ಆಗಲೇ ಎಣ್ಣೆ ಬಿಟ್ಟಿದ್ದ ಜಾಗಕ್ಕೆ ಮತ್ತೆ ಎಣ್ಣೆ ಬಿಡತೊಡಗಿದ.

"ಕರೆಂಟಿಲ್ಲ ಕಣ್ರೀ," ಅಂದರು ಗಂಗಲಕ್ಷ್ಮಮ್ಮ.

ನರಸಿಂಹಯ್ಯ ತಿರುಗಿದರು. ಹೆಂಡತಿಯನ್ನು ನೋಡಿದರು, ಸೌಟನ್ನು ನೋಡಿದರು. "ಯಾವಾಗ ಹೋಯ್ತು?"

"ಆಗಲೇ."

"ಹಂಗಾದ್ರೆ ನಾನು ಹೇಳಿದ್ದು ಯಾವುದೂ ಬರಲಿಲ್ವಾ?"

"ಇಲ್ಲ," ಅಂದರು ಗಂಗಲಕ್ಷ್ಮಮ್ಮ. "ಮೊದಲಿಂದ ಹೇಳಿ."

ಪೆಟ್ಟಿಗೆಗೆ ಅಷ್ಟು ಚೆನ್ನಾಗಿ ಹೇಳಿದ್ದನ್ನು ಎದುರಿಗೆ ನಿಂತ ಹೆಂಡತಿಗೆ ಹೇಳಲು ನರಸಿಂಹಯ್ಯ ಬೆವರಿದರು. ಸೀರೆ ಅಂದರು, ಹಸಿರು ಅಂದರು, ನಿನ್ನ ಬಣ್ಣಕ್ಕೆ ಅಂದರು, ಅಲ್ಲಿಗೆ ನಿಂತರು. ಗಂಗಲಕ್ಷ್ಮಮ್ಮನಿಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ. ಖುಷಿಯಾದರೆ ಖುಷಿಯಾಯಿತು ಅನ್ನಬೇಕು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಉಜ್ಜಿ ನೋಡುವುದಲ್ಲ, ಇದನ್ನು ನನಗೆ ಹೇಳಿದರೆ ಸಾಲದು, ದೇವನಹಳ್ಳಿಗೆ ಬಂದು ನಮ್ಮಣ್ಣನಿಗೂ ಹೇಳಿ ಅಂದರು.

ಮುಂದಿನ ಭಾನುವಾರ ಇಬ್ಬರೂ ಹೋದರು. ಕೊಂಡಪ್ಪ ಜಗಲಿಯಲ್ಲಿ ಕುಳಿತು, ತಂಗಿಯ ಗಂಡ ತಡವರಿಸಿ ಹೇಳಿದ್ದನ್ನೆಲ್ಲ ಮುಖ ಬಿಗಿದುಕೊಂಡೇ ಕೇಳಿಸಿಕೊಂಡರು. ಆಮೇಲೆ, ರೇಷ್ಮೆ ಅಂತ ತಮಗೆ ಮಾರಿದ ಅಂಗಡಿಯವನ ಮೇಲೆ ತೋರಿಸಬೇಕಿದ್ದ ಕೋಪವನ್ನು ಇಷ್ಟು ದಿನ ತಪ್ಪು ಮನುಷ್ಯನ ಮೇಲೆ ಇಟ್ಟುಕೊಂಡಿದ್ದೆ ಎಂದು ಒಪ್ಪಿಕೊಂಡರು. ಊಟಕ್ಕೆ ಎಬ್ಬಿಸುವ ಮೊದಲು, ಅದೇ ಥರದ ಸೀರೆ ತಮ್ಮ ಸೊಸೆಗೂ ಒಂದು ಬೇಕಾಗಿತ್ತು ಅಂದರು.

ಸಂಜೆ ಗಂಡ ಹೆಂಡತಿ ಬಸ್ಸಿಳಿದು ಬಂದದ್ದು ಬೀದಿಗೆಲ್ಲ ಕೇಳಿಸಿತು. ಆ ಸೀರೆಯನ್ನು ನೇರಳೆ ಬಣ್ಣದಲ್ಲಿ ನೇಯಬೇಕೆಂದು ನರಸಿಂಹಯ್ಯ, ಆ ಹುಡುಗಿಗೆ ನೇರಳೆ ಒಪ್ಪುವುದೇ ಇಲ್ಲವೆಂದು ಗಂಗಲಕ್ಷ್ಮಮ್ಮ. ವಾದ ಪಡಸಾಲೆ ದಾಟಿ, ಅಡುಗೆಮನೆ ದಾಟಿ, ನೂಲಿನ ಬಣ್ಣ ನೋಡುವುದಕ್ಕೆಂದು ಶೆಡ್ಡಿಗೆ ಹೋಯಿತು. ಅರುಣಾಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಎರಡು ತಟ್ಟೆ ಹಾಕಿ, ಗಂಡನನ್ನು ಕರೆದು, ಸಾರು ಬಿಸಿಯಾಗಿರುವಾಗಲೇ ಊಟಕ್ಕೆ ಕುಳಿತಳು.