ಸೀಮೆಸುಣ್ಣದಲ್ಲಿ ಅಳೆದ ನೆರಳು

ಅತ್ತೆ ಬಸ್ಸಮ್ಮ ಮಸ್ಕಿಯಿಂದ ಸಿಂಧನೂರಿಗೆ ಬಂದ ಮೂರನೇ ದಿನವೇ ಹೇಳಿಬಿಟ್ಟರು. "ನಿಮ್ಮ ಮನಿ ಡಬ್ಬಿ ಇದ್ದಂಗ ಐತಿ. ಹೊರಗ ಕೂಡಾಕ ಜಾಗ ಮಾಡಿಕೊಟ್ರ ಇರ್ತೀನಿ. ಬ್ಯಾಸಗ್ಯಾಗ ಒಳಗ ಕುಂತು ಬೇಯಾಕ ನನ್ನ ಕೈಲಿ ಆಗಂಗಿಲ್ಲ."

ಅವರು ಹೋದರೆ ನನ್ನ ಕೆಲಸವೂ ಹೋದಂತೆಯೇ. ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ವಾಣಿಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಗಂಡ ವಿರೇಶ ಬೆಳಿಗ್ಗೆ ಏಳರ ಬಸ್ಸಿಗೆ ಲಿಂಗಸುಗೂರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಒಂದೂವರೆ ವರ್ಷದ ಮಗಳನ್ನು ನೋಡಿಕೊಳ್ಳಲು ಅತ್ತೆಯ ಹೊರತು ಬೇರೆ ಯಾರೂ ಇರಲಿಲ್ಲ.

ನಮ್ಮ ಮನೆಯ ದಕ್ಷಿಣಕ್ಕೆ ಚಿಕ್ಕ ಅಂಗಳ. ಅದರಾಚೆ ಎದೆಮಟ್ಟದ ಗೋಡೆ. ಗೋಡೆಯಾಚೆ ಪಕ್ಕದ ಮನೆಯ ಸೂಗಮ್ಮನ ಅಂಗಳ, ಅದರಲ್ಲಿ ದೊಡ್ಡ ಬೇವಿನ ಗಿಡ. ಮನೆ ಕಟ್ಟಿಸಿದ ವರ್ಷ ಅದರ ಎಲೆ ನಮ್ಮ ನೀರಿನ ತೊಟ್ಟಿಗೆ ಉದುರುತ್ತದೆಂದು, ಈ ಕಡೆಯ ಟೊಂಗೆ ಕಡಿಸಿರೆಂದು ನಾನೇ ಕೇಳಿದ್ದೆ. ಎಷ್ಟು ಮೆತ್ತಗೆ ಕೇಳಿದ್ದೆನೋ ಅಷ್ಟೇ ಆಳವಾಗಿ ಅದು ಸೂಗಮ್ಮನ ಮನಸ್ಸಿನಲ್ಲಿ ಕುಳಿತಿತ್ತು. ಅಂದಿನಿಂದ ಅವಳು ನನ್ನ ಹೆಸರು ಹಿಡಿದು ಕರೆದದ್ದಿಲ್ಲ.

ಈಗ ನನಗೆ ಬೇಕಾಗಿದ್ದು ಅದೇ ಟೊಂಗೆಗಳ ನೆರಳು.

ಸಂಕ್ರಾಂತಿ ಆದ ಮೇಲಿನ ಹತ್ತು ದಿನಗಳಲ್ಲಿ, ಬಿಡುವು ಸಿಕ್ಕಾಗಲೆಲ್ಲ, ಹನ್ನೊಂದರಿಂದ ನಾಲ್ಕರವರೆಗೆ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಹಾಕಿದೆ. ಎಲ್ಲ ಹೊತ್ತಿನಲ್ಲೂ ನೆರಳಿರುವ ಜಾಗ ಮನೆಗೋಡೆಯ ಬದಿಗೇ ಸಿಕ್ಕಿತು. ಅಲ್ಲಿ ಕಟ್ಟೆ. ಅತ್ತೆಗೆ ಮೊಣಕಾಲು ನೋವು, ಅದಕ್ಕೆ ಎತ್ತರ ಹದಿನಾರು ಇಂಚು. ಕಾಲು ಮಡಚಿ ಕೂಡುವಷ್ಟು, ಬೇಕಾದರೆ ಮಲಗುವಷ್ಟು ಅಗಲ. ಮೇಲೆ ನುಣ್ಣನೆಯ ಪರ್ಸಿ ಹಾಸುಗಲ್ಲು. ತಲೆಯ ಕಡೆ ನೀರಿನ ಹರವಿ ಇಡಲು ಗೂಡು, ಕಾಲಿನ ಕಡೆ ಎರಡು ಮಲ್ಲಿಗೆ ಕುಂಡ. ಎಲ್ಲವನ್ನೂ ಹಾಳೆಯ ಮೇಲೆ ಬರೆದು ಗಾರೆ ಕೆಲಸದ ಗೌಂಡಿ ಜಿಲಾನಿಸಾಬ್‌ಗೆ ಕೊಟ್ಟೆ.

ಅವನು ಹಾಳೆ ನೋಡಲಿಲ್ಲ, ಗಿಡ ನೋಡಿದ. "ಅಮ್ಮಾರ, ಗಿಡದ ಕಡಿ ಗ್ವಾಡಿಗೆ ಹತ್ತಿಸಿ ಕಟ್ಟೋಣ್ರಿ. ಬ್ಯಾಸಗಿಗೆ ಚಲೋ."

"ಬ್ಯಾಡ. ಆ ಗ್ವಾಡಿ ಮುಟ್ಟಿದ್ರ ಜಗಳ ಆಕ್ಕೈತಿ. ಗೆರಿ ಹಾಕೀನಲ್ಲ, ಅಲ್ಲೇ ಕಟ್ಟು."

ಆದರೂ ಜಗಳ ಬಂತು. ಗೋಡೆಯ ಮೇಲೆ ಮೊಣಕೈ ಊರಿ ಸೂಗಮ್ಮ ನಿಂತಳು.

"ಏನ್ ಟೀಚರಮ್ಮ, ನನ್ನ ಗಿಡದ ನೆಳ್ಳಿಗೆ ಗೆರಿ ಹೊಡ್ಯಾಕತ್ತೀ? ನಿನ್ನ ಹೆಸರಿಗೆ ಮಾಡಿಸ್ಕೋತೀ ಏನು?"

"ಅಂಗಳ ನಮ್ದು, ಸೂಗಮ್ಮಾರ."

"ಅಂಗಳ ನಿಂದು, ನೆಳ್ಳು ನಂದು. ನಾಳೆ ಕೊಡ್ಲಿ ಹಾಕಿಸಿದ್ರ ಏನ್ ಮಾಡ್ತೀ? ಕಡಸ್ರಿ ಅಂದಾಕಿ ನೀನ!"

ಅಂದಿನಿಂದ ಕೊಡಲಿಯ ಭಯ ಹಿಡಿಯಿತು. ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ನಮ್ಮ ಕಡೆಗೆ ಚಾಚಿದ ಟೊಂಗೆಗಳನ್ನು ಎಣಿಸುತ್ತಿದ್ದೆ. ದೊಡ್ಡವು ಮೂರು, ಸಣ್ಣವು ಹನ್ನೊಂದು. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆದೂ ಇಟ್ಟೆ.

ಫೆಬ್ರುವರಿಗೆ ಕಟ್ಟೆ ಮುಗಿಯಿತು. ಅತ್ತೆ ಪರ್ಸಿಯ ಮೇಲೆ ಅಂಗೈ ಆಡಿಸಿ, "ಈಗ ಇದು ಮನಿ ಆತು ನೋಡು" ಎಂದರು. ಮೊಮ್ಮಗಳನ್ನು ಅಲ್ಲೇ ಮಲಗಿಸಿಕೊಂಡರು. ಮೂರು ವಾರ ನಾನು ತರಗತಿಯಲ್ಲಿ ಗಡಿಯಾರ ನೋಡದೆ ಪಾಠ ಮಾಡಿದೆ.

ಹೋಳಿ ಕಳೆದ ಮೇಲೆ ಮಧ್ಯಾಹ್ನದ ಬಿಸಿಲು ಅತ್ತೆಯ ಮಂಡಿಯ ಮೇಲೆ ಬಿತ್ತು. ಯುಗಾದಿ ಹತ್ತಿರವಾಗುವಷ್ಟರಲ್ಲಿ ಕಟ್ಟೆಯ ಮೇಲೆ ನೆರಳೇ ಇರಲಿಲ್ಲ. ಮಗುವಿನ ಬೆನ್ನಿಗೆ ಬೆವರುಸಾಲೆ ಎದ್ದಿತು.

"ಎಂಟು ದಿನ ನೋಡ್ತೀನಿ" ಎಂದರು ಅತ್ತೆ. "ಆಮ್ಯಾಲ ವಿರೇಶಗ ಹೇಳಿ ಮಸ್ಕಿ ಬಸ್ ಹತ್ತೀನಿ. ಕೂಸಿನ್ನ ಬೇಕಾದ್ರ ಕರ್ಕೊಂಡು ಹೋಗ್ತೀನಿ, ನೀ ಏನರ ಮಾಡ್ಕೊ."

ಮರುದಿನ ಬೆಳಿಗ್ಗೆ ಟೊಂಗೆ ಎಣಿಸಿದೆ. ಹೊಸ ಚಿಗುರು ತುಂಬಿತ್ತು. ಸಣ್ಣವು ಒಮ್ಮೆ ಹನ್ನೊಂದು ಬಂದವು, ಒಮ್ಮೆ ಒಂಬತ್ತು. ಕೆಳಗೆ ಸೂಗಮ್ಮನ ಅಂಗಳದ ಮೂಲೆಯಲ್ಲಿ ಬೇವಿನ ಸೊಪ್ಪಿನ ಕಟ್ಟು ಬಿದ್ದಿತ್ತು. ನನಗೆ ಅಷ್ಟು ಸಾಕಾಯಿತು.

ಆಡಬೇಕಾದ ಮಾತನ್ನು ಮೆಟ್ಟಿಲಿಳಿಯುತ್ತ ಎರಡು ಸಲ ಜೋಡಿಸಿಕೊಂಡೆ. ಅವಳ ಗೇಟಿನ ಮುಂದೆ ನಿಂತಾಗ ಆ ಮಾತು ಬರಲಿಲ್ಲ, ಬೇರೆಯೇ ಬಂತು.

"ನಮಗ ಗೊತ್ತಾಗಬಾರದು ಅಂತ ದಿನಾ ಒಂದೊಂದು ಟೊಂಗಿ ಕಡ್ಯಾಕತ್ತೀರಿ! ಮುದುಕಿ, ಕೂಸು ಕೂಡೋ ಜಾಗ ಅದು. ಇಷ್ಟು ಹೊಟ್ಟೆಕಿಚ್ಚು ಬ್ಯಾಡ್ರಿ!"

ಓಣಿಯ ನಳದ ಹತ್ತಿರ ಕೊಡ ಹಿಡಿದಿದ್ದವರೆಲ್ಲ ತಿರುಗಿದರು. ಸೂಗಮ್ಮ ಹೊರಗೆ ಬಂದು, ನನ್ನ ಮಣಿಕಟ್ಟು ಹಿಡಿದು ಗಿಡದ ಕೆಳಗೆ ಎಳೆದು ನಿಲ್ಲಿಸಿದಳು.

"ಕಡದ ಗಾಯ ತೋರ್ಸು. ಒಂದ ಒಂದು ತೋರ್ಸು."

ತಲೆ ಎತ್ತಿ ನೋಡಿದೆ. ಬಹಳ ಹೊತ್ತು ನೋಡಿದೆ. ಒಂದು ಟೊಂಗೆಗೂ ಕೊಡಲಿ ತಾಗಿರಲಿಲ್ಲ.

"ಆ ಸೊಪ್ಪು..." ಎಂದೆ.

"ಆಡಿಗೆ ಮೇಯಾಕ ತಂದದ್ದು. ಕೆನಾಲ್ ದಂಡಿ ಗಿಡದ್ದು." ಅವಳು ನನ್ನ ಕೈ ಕೊಡವಿಬಿಟ್ಟಳು. "ಇಷ್ಟು ಓದೀ, ಇದು ಗೊತ್ತಿಲ್ಲ? ಸಂಕ್ರಾಂತಿಗೆ ನಿನ್ನ ಕಡಿ ಬೀಳೋ ನೆಳ್ಳು ಬ್ಯಾಸಗಿಗೆ ಈ ಕಡಿ ಸರೀತೈತಿ. ವರ್ಷಾ ಸರೀತೈತಿ. ಹೋಗು, ಸೂರ್ಯಾನ ಕೂಡ ಜಗಳಾಡು!"

ನಳದ ಬಳಿ ಯಾರೋ ನಕ್ಕರು. ನನ್ನ ಕಾಲಡಿಯ ನೆಲ ತಣ್ಣಗಿತ್ತು. ಜಿಲಾನಿಸಾಬ್ ಗಿಡ ನೋಡಿದ್ದು ಆಗ ನೆನಪಾಯಿತು.

"ತಪ್ಪಾತ್ರಿ" ಎಂದೆ.

"ಓಣಿ ಮಂದಿ ಕೇಳಂಗ ಬೈದಿ. ತಪ್ಪಾತು ಅನ್ನೋದು ಕಿವ್ಯಾಗ ಹೇಳ್ತೀ?"

ಮತ್ತೆ ಹೇಳಿದೆ. ನಳದವರೆಗೆ ಕೇಳುವಂತೆ ಹೇಳಿದೆ. ಅವಳ ಮುಖ ಸಡಿಲಾಗಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯಿಂದ ಅತ್ತೆಯ ದನಿ ಬಂತು. ಮಗುವನ್ನು ಬಗಲಲ್ಲಿ ಹೊತ್ತು ಎಲ್ಲ ಕೇಳುತ್ತ ನಿಂತಿದ್ದರು.

"ಸೂಗವ್ವ, ಅಲ್ಲಿ ತಂಪೈತೇನು?"

"ಬಾರಕ್ಕ. ಕೂಡಾಕ ಹೊರಸು ಹಾಕ್ತೀನಿ. ಕೂಸಿನ್ನೂ ತಗೊಂಡು ಬಾ. ನಿನ್ನ ಸೊಸಿ ಮಾತ್ರ ಗೇಟಿನ ಹೊರಗ."

ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿ, ಸುತ್ತಿ ಬಂದು, ನನ್ನನ್ನು ದಾಟಿ ಒಳಗೆ ಹೋದರು.

ಮಸ್ಕಿಯ ಬಸ್ಸಿನ ಮಾತು ಮತ್ತೆ ಬರಲಿಲ್ಲ. ನನ್ನ ಕೆಲಸ ಉಳಿಯಿತು. ದಿನಾ ಒಂಬತ್ತಕ್ಕೆ ಮಗುವಿನ ಚೀಲ ಹಿಡಿದು ಅವಳ ಗೇಟಿನ ಹೊರಗೆ ನಿಲ್ಲುತ್ತೇನೆ. ಸೂಗಮ್ಮ ಬೇಕೆಂದೇ ತಡ ಮಾಡುತ್ತಾಳೆ. ಚೀಲ ಇಸಿದುಕೊಳ್ಳುವಾಗ, "ಇವತ್ತು ಟೊಂಗಿ ಎಷ್ಟು ಅದಾವ ಟೀಚರಮ್ಮ? ಮಾಳಿಗಿ ಹತ್ತಿ ಎಣಿಸೀ ಏನು?" ಎನ್ನುತ್ತಾಳೆ. ಹಿಂದೆ ಹೊರಸಿನ ಮಂಚದ ಮೇಲೆ ಅತ್ತೆ ಎಲೆಯಡಿಕೆ ಹಾಕಿಕೊಳ್ಳುತ್ತಿರುತ್ತಾರೆ. ಗೇಟು ನನ್ನ ಮುಖದ ಮುಂದೆ ಮುಚ್ಚುತ್ತದೆ.

ಏಪ್ರಿಲ್ ಮೊದಲ ಭಾನುವಾರ ನಮ್ಮ ಕಟ್ಟೆಯ ಮೇಲೆ ಬಿಳಿ ಪಂಚೆ ಹಾಸಿತ್ತು. ಅದರ ತುಂಬ ಸೂಗಮ್ಮನ ಅಕ್ಕಿ ಸಂಡಿಗೆ. ಅತ್ತೆಯೇ ಹಾಸಿಕೊಟ್ಟಿದ್ದರು.

"ನಿನ್ನ ಕಟ್ಟಿ ಭಾಳ ಕಾಯ್ತೈತಿ" ಎಂದಳು ಸೂಗಮ್ಮ ಗೋಡೆಯ ಮೇಲಿಂದ. "ಒಂದ ದಿನಕ್ಕ ಒಣಗ್ತಾವ. ರಜಾ ಐತಲ್ಲ ನಿನಗ? ಕಾಗಿ ಬರ್ತಾವ, ಕುಂತು ಕಾಯಿ."

ನಾನು ಕೋಲೊಂದನ್ನು ಹುಡುಕಿ ತಂದು, ಹೊಸ್ತಿಲ ಮೇಲೆ ಕುಳಿತೆ.